ಸನ್ಯಾಸಿನಿಯರ ನೆಲಮಾಳಿಗೆ

ಪರದೇಶದಲ್ಲಿ ಊರು ತೋರಿಸುವ ಗೈಡನ್ನು ಹೋಟೆಲಿನವರ ಮೂಲಕ ಗೊತ್ತು ಮಾಡಬೇಡಿ. ಬೆಳಿಗ್ಗೆ ಎಂಟಕ್ಕೆ ಊರ ನಡುವಿನ ಚೌಕಕ್ಕೆ ಹೋಗಿ, ಯಾವ ಅವಸರವೂ ಇಲ್ಲದವರ ಹಾಗೆ ಬೆಂಚಿನ ಮೇಲೆ ಕೂತು ಕಾಫಿ ಕುಡಿಯಿರಿ. ಅವರೇ ಬರುತ್ತಾರೆ. ಗ್ವಾಟೆಮಾಲಾದ ಆ ಹಳೆಯ ರಾಜಧಾನಿಯಲ್ಲಿ ನಾನು ಹಾಗೆಯೇ ಮಾಡಿದೆ. ಹುಲ್ಲಿನ ಟೋಪಿಯ, ನನ್ನದೇ ವಯಸ್ಸಿನವನೊಬ್ಬ ಸಿಕ್ಕಿದ. ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಿದ್ದ. ಚೌಕಾಸಿ ಮಾಡಿ ದರ ಅರ್ಧಕ್ಕೆ ಇಳಿಸಿದೆ: ಕಾರು, ಡ್ರೈವರ್ ಸಮೇತ ಸಂಜೆ ಐದರವರೆಗೆ, ನನಗೂ ನನ್ನ ಹೆಂಡತಿಗೂ ಮಾತ್ರ. ಐದು ದಾಟಿದರೆ ಆ ಗಂಟೆಗೆ ಬೇರೆ ದರ ಎಂದ. ದಾಟುವುದಿಲ್ಲ ಎಂದೆ.

ತೊಂಬತ್ತರ ದಶಕದ ನಡುವಿನ ಒಂದು ಫೆಬ್ರವರಿ ಅದು. ನಾವು ಆಗ ಅಮೆರಿಕದ ಶ್ಯಾಂಟಿಲಿಯಲ್ಲಿದ್ದೆವು. ನಮ್ಮ ಟೌನ್‌ಹೌಸಿನ ಬೇಸ್‌ಮೆಂಟಿನಲ್ಲಿ ನನ್ನ ಹೆಂಡತಿ ಶನಿವಾರ ಶನಿವಾರ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಳು. ಒಂದು ಗಂಟೆ ದೂರದ ಎಲಿಕಾಟ್ ಸಿಟಿಯಿಂದಲೂ ಬರುತ್ತಿದ್ದರು. ಆ ಚಳಿಗಾಲದಲ್ಲಿ ಅವಳ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ತೆಗೆಯಲೇಬೇಕು, ಆದರೆ ದನಿಯ ನರಕ್ಕೆ ಅಂಟಿಕೊಂಡಿದೆ, ದನಿ ಉಳಿಯುತ್ತದೆಂದು ಮಾತು ಕೊಡಲಾರೆ ಎಂದರು ಡಾಕ್ಟರು. ಸ್ವಲ್ಪ ಬಿಟ್ಟು ಮಿಕ್ಕಿದ್ದು ತೆಗೆದರೆ ಆಗದೇ ಎಂದು ಅವರ ಹತ್ತಿರವೂ ಚೌಕಾಸಿ ಮಾಡಿದೆ. ಅವರು ನನ್ನತ್ತ ನೋಡಲೇ ಇಲ್ಲ, ಅವಳ ಕಡೆ ತಿರುಗಿ ಆಪರೇಷನ್ನಿನ ದಿನ ಹೇಳಿದರು.

"ಅದಕ್ಕೆ ಮುಂಚೆ ಎಲ್ಲಾದ್ರೂ ಬೆಚ್ಚಗಿರೋ ಕಡೆ ಹೋಗ್ಬರೋಣ ರೀ," ಎಂದಳು ಅವಳು. ಬೇರೇನೂ ಕೇಳಲಿಲ್ಲ. ಅಟ್ಲಾಂಟಾದಲ್ಲಿ ವಿಮಾನ ಬದಲಿಸಿದರೆ ಮಧ್ಯಾಹ್ನಕ್ಕೆಲ್ಲ ಗ್ವಾಟೆಮಾಲಾ. ಹಾಗೆ ಹೋದದ್ದು.

ಕಾರು ಹೊರಟ ಕೂಡಲೇ ಗೈಡು ದಿನದ ಪಟ್ಟಿ ಹೇಳಿದ. ಮೊದಲು ಹೊಗೆಯಾಡುವ ಜ್ವಾಲಾಮುಖಿ ಕಾಣುವ ಗುಡ್ಡ, ಆಮೇಲೆ ಕಾಫಿ ತೋಟ, ಭೂಕಂಪದಲ್ಲಿ ಬಿದ್ದ ಚರ್ಚುಗಳು, ಸಂತೆ. ಕೊನೆಗೆ ಸ್ಪೇನಿನವರ ಕಾಲದ ಸನ್ಯಾಸಿನಿಯರ ಮಠ. ಅದರಡಿ ಗುಂಡನೆಯ ನೆಲಮಾಳಿಗೆ, ನಡುವೆ ಒಂದೇ ದಪ್ಪ ಕಂಬ. ಏತಕ್ಕೆ ಕಟ್ಟಿದರೋ ಇವತ್ತಿಗೂ ಯಾರಿಗೂ ಗೊತ್ತಿಲ್ಲವಂತೆ. "ಅಲ್ಲಿ ನಿಂತು ಒಂದು ಸ್ವರ ಹಿಡಿದರೆ, ಸೆನ್ಯೋರಾ, ನೀವು ನಿಲ್ಲಿಸಿದ ಮೇಲೂ ಕಲ್ಲು ಹಾಡುತ್ತಿರುತ್ತದೆ," ಎಂದ.

ನನ್ನ ಹೆಂಡತಿ ನನ್ನ ತೋಳು ಹಿಡಿದಳು. "ರೀ, ನಾನಲ್ಲಿ ಒಂದು ಸಲ ಷಡ್ಜ ಹಿಡೀಬೇಕು. ಪೂರ್ತಿ ಉಸಿರಿಗೆ. ಅಲ್ಲಿ ತನಕ ಮಾತಾಡಲ್ಲ, ಗಂಟಲು ಉಳಿಸ್ಕೋತೀನಿ."

"ನಂಗೂ ಒಂದಿನ ರೆಸ್ಟು ಸಿಕ್ಕಂಗಾಯ್ತು," ಎಂದೆ. ನಕ್ಕು ತೊಡೆಗೆ ಒಂದು ಗುದ್ದು ಕೊಟ್ಟಳು. ಆಮೇಲೆ ನಿಜವಾಗಿಯೂ ಬಾಯಿ ಬಿಡಲಿಲ್ಲ.

ಜ್ವಾಲಾಮುಖಿ ಅಡುಗೆಮನೆಯ ಚಿಮಣಿಯಷ್ಟೇ ಹೊಗೆ ಬಿಡುತ್ತಿತ್ತು. ಕಾಫಿ ತೋಟದಲ್ಲಿ ನೆರಳಿಗೆಂದು ಸಿಲ್ವರ್ ಓಕ್ ನಿಲ್ಲಿಸಿದ್ದರು. ಅವಳು ಮರ ತಟ್ಟಿ ನನಗೆ ತೋರಿಸಿ, ಕಣ್ಣರಳಿಸಿದಳು. ಹೆಬ್ಬೆಟ್ಟಿನಷ್ಟು ಹಕ್ಕಿಯೊಂದು ದಾಸವಾಳದ ಮುಂದೆ ಗಾಳಿಯಲ್ಲೇ ನಿಂತು ಜೇನು ಹೀರುತ್ತಿದ್ದಾಗ ನನ್ನ ತುಟಿಯ ಮೇಲೂ ಬೆರಳಿಟ್ಟಳು. ಮಾಡು ಹಾರಿಹೋದ ಚರ್ಚುಗಳಲ್ಲಿ ಹುಲ್ಲು ಬೆಳೆದಿತ್ತು. ಗೋಡೆಯ ಗೂಡುಗಳಲ್ಲಿ ತಲೆಯಿಲ್ಲದ ಸಂತರು.

ಸಂತೆಯಲ್ಲಿ ನಾನು ಕೆಟ್ಟೆ. ಸೊಂಟಕ್ಕೆ ಮಗ್ಗ ಕಟ್ಟಿಕೊಂಡು ನೇಯುತ್ತಿದ್ದ ಮುದುಕಿಯ ಹತ್ತಿರ ಒಂದು ಮೇಜುಬಟ್ಟೆ ಹಿಡಿದು ಕೂತೆ. ಅವಳು ಒಂದು ಬೆಲೆ ಹೇಳಿದಳು, ನಾನು ಅದರ ಮೂರರಲ್ಲಿ ಒಂದು ಭಾಗ ಹೇಳಿದೆ. ಎದ್ದು ಹೋದೆ, ಅವಳು ಕರೆಯಲಿಲ್ಲ, ನಾನೇ ತಿರುಗಿ ಬಂದೆ. ಗೈಡು ನಗುತ್ತಿದ್ದ. ಹೆಂಡತಿ ಎರಡು ಸಲ ನನ್ನ ಕೈಗಡಿಯಾರದ ಮೇಲೆ ಬೆರಳಿನಿಂದ ತಟ್ಟಿದಳು. "ಎರಡೇ ನಿಮಿಷ ಕಣೇ, ಇಳೀತಿದಾಳೆ," ಎಂದೆ. ಬಟ್ಟೆ ಕೊಂಡು ಹೊರಬಂದಾಗ ಐದು ಗಂಟೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆಯವರು 'ಆಗಲಿ' ಎನ್ನಲು ತಲೆಯನ್ನು ಆ ಭುಜಕ್ಕೂ ಈ ಭುಜಕ್ಕೂ ಓಲಾಡಿಸುತ್ತೇವಲ್ಲ, ಅದು ಬೇರೆಯವರ ಕಣ್ಣಿಗೆ 'ಬೇಡ' ಎಂದೇ ಕಾಣುತ್ತದೆ. ಅಮೆರಿಕಕ್ಕೆ ಹೊಸದಾಗಿ ಬಂದಾಗ ನನ್ನ ಮ್ಯಾನೇಜರು ಹೀಗೆಯೇ ತಪ್ಪು ತಿಳಿದು ಒಂದು ಒಳ್ಳೆಯ ಕೆಲಸವನ್ನು ಪಕ್ಕದವನಿಗೆ ಕೊಟ್ಟಿದ್ದರು. ಆಮೇಲೆ ಬೆಂಗಳೂರು, ಮೈಸೂರಿನಿಂದ ಬಂದ ಹುಡುಗರಿಗೆಲ್ಲ ನಾನು ಮೊದಲು ಹೇಳುತ್ತಿದ್ದ ಬುದ್ಧಿವಾದವೇ ಇದು: ಇಂಟರ್‌ವ್ಯೂನಲ್ಲಿ ತಲೆ ಆಡಿಸಬೇಡಿ, ಬಾಯಿಬಿಟ್ಟು ಯೆಸ್ ಅನ್ನಿ.

ಗೈಡು ನನ್ನ ಹೆಂಡತಿಯನ್ನು ಕೇಳಿದ: "ಸೆನ್ಯೋರಾ, ಮಠ ಐದೂವರೆಗೆ ಮುಚ್ಚುತ್ತಾರೆ. ನಡೆದು ಹೋಗಲು ಹತ್ತು ನಿಮಿಷ, ಒಳಗೆ ಇಪ್ಪತ್ತು ನಿಮಿಷ ಸಿಗುತ್ತದೆ. ಹೋಗಬೇಕೇ?" ಬೀದಿಯ ಗದ್ದಲದಲ್ಲಿ ಅವಳಿಗೆ ಎಷ್ಟು ಕೇಳಿಸಿತೋ. ಮುಖವೆಲ್ಲ ನಗುವಾಗಿ ತಲೆ ಓಲಾಡಿಸಿದಳು.

"ಸರಿ, ಸುಸ್ತಾಗಿದೆ, ಪರವಾಗಿಲ್ಲ," ಎಂದು ನನಗೆ ಹೇಳಿ ಅವನು ಕಾರಿನ ಬಾಗಿಲು ತೆಗೆದ. ಮಠಕ್ಕೇ ಹೊರಟೆವೆಂದುಕೊಂಡು ಅವಳು ಹತ್ತಿ ಕೂತಳು.

ನಾನು ಅಲ್ಲೇ ನಿಂತಿದ್ದೆ. ಅವಳು ಹೇಳಿದ್ದೇನು, ಅವನು ತಿಳಿದದ್ದೇನು, ಎರಡೂ ಗೊತ್ತಿದ್ದವನು ಆ ಬೀದಿಯಲ್ಲಿ ನಾನೊಬ್ಬನೇ. ಕಲ್ಲುಹಾಸಿನ ಮೇಲೆ ನಡೆದು ಮಂಡಿ ನೋಯುತ್ತಿತ್ತು. ಬೆಳಿಗ್ಗೆ ಗೆದ್ದ ಐದು ಗಂಟೆಯ ಕರಾರು ಕೈಬಿಡಲು ಮನಸ್ಸಿರಲಿಲ್ಲ. ಬಾಯಿ ಬಿಡಲಿಲ್ಲ, ಕಾರು ಹತ್ತಿದೆ.

ಕಾರು ಹೋಟೆಲಿನ ಮುಂದೆ ನಿಂತಾಗ ಅವಳು ಬೆಳಗಿನಿಂದ ಮೊದಲ ಸಲ ಮಾತಾಡಿದಳು. "ಬಾಗಿಲು ಹಾಕ್ಬಿಟ್ಟಿದ್ರಾ ರೀ?"

"ಹೂಂ," ಎಂದೆ.

"ಹೋಗ್ಲಿ ಬಿಡಿ," ಎಂದು ಇಳಿದಳು.

ಮುಂದಿನ ವಾರ ಆಪರೇಷನ್ ಆಯಿತು. ಗಂಟು ಹೋಯಿತು, ಜೀವ ಉಳಿಯಿತು. ದನಿ ಬರಲಿಲ್ಲ. ಬಾಯಿ ತೆರೆದರೆ ಬರೀ ಗಾಳಿ, ಅದರಲ್ಲಿ ಪದಗಳು. ಆರು ತಿಂಗಳು ಕಾಯಿರಿ ಎಂದರು, ಕಾದೆವು. ಮಕ್ಕಳ ತಾಯಂದಿರು ಒಬ್ಬೊಬ್ಬರಾಗಿ ಫೋನ್ ಮಾಡಿದರು. "ಆಂಟಿ ರೆಸ್ಟ್ ತಗೊಳ್ಳಲಿ ಅಂಕಲ್, ಸಮ್ಮರ್ ಆದ್ಮೇಲೆ ನೋಡೋಣ." ಆ ಸಮ್ಮರ್ ಆದ ಮೇಲೂ ಯಾರೂ ಬರಲಿಲ್ಲ. ತಂಬೂರಿಗೆ ಅವಳೇ ಗವಸು ಹಾಕಿದಳು. ಮನೆಯಲ್ಲಿ ಅವಳ ಹಾಡಿನ ಒಂದು ಕ್ಯಾಸೆಟ್ಟೂ ಇರಲಿಲ್ಲ. ನಿಮ್ಮ ಮನೆಯಲ್ಲಿ ಹಾಡುವವರಿದ್ದರೆ ಇವತ್ತೇ ರೆಕಾರ್ಡ್ ಮಾಡಿಡಿ.

ಎರಡು ವರ್ಷ ತಡೆದೆ. ಒಂದು ಭಾನುವಾರ ಬೆಳಿಗ್ಗೆ ಅವಳು ಮೇಜಿನ ಮುಂದೆ ಹುರುಳಿಕಾಯಿ ನಾರು ಬಿಡಿಸುತ್ತಿದ್ದಾಗ ಎಲ್ಲವನ್ನೂ ಹೇಳಿದೆ. ಗೈಡು ಕೇಳಿದ್ದು, ಅವನು ತಪ್ಪು ತಿಳಿದದ್ದು, ನಾನು ಸುಮ್ಮನಿದ್ದದ್ದು. ಅವಳು ಕೆಲಸ ನಿಲ್ಲಿಸಲಿಲ್ಲ. ಇನ್ನೊಂದು ಕಾಯಿ ಎತ್ತಿಕೊಂಡು ಕೇಳಿದಳು:

"ಎಷ್ಟು ಹೊತ್ತಿತ್ತು?"

"ಒಳಗೆ ಇಪ್ಪತ್ತು ನಿಮಿಷ."

ಅವಳು ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು. ಉಸಿರು ಒಟ್ಟುಮಾಡಿಕೊಂಡು, ಒಂದೊಂದೇ ಪದ ಹೇಳಿದಳು.

"ನಂಗೆ ಒಂದು ನಿಮಿಷ ಸಾಕಾಗಿತ್ತು ರೀ."