ಬಳೆ ತೊಡದ ಕೈ

ನನ್ನ ದೊಡ್ಡವ್ವನ ಮುಂಗೈ ಬೋಳಾಗಿತ್ತು. ಹಿಂದೆ ಬಿಗಿಯಾಗಿ ತೊಡುತ್ತಿದ್ದ ಗಾಜಿನ ಬಳೆಗಳ ಮಾಸಲು ಗೆರೆಯೊಂದೇ ಅಲ್ಲಿ ಉಳಿದಿತ್ತು. ಗಂಡ ಬದುಕಿರುವ ಹೆಂಗಸು ಹೀಗೆ ಬರಿಗೈಯಲ್ಲಿ ದೇವದುರ್ಗದ ಸಂತೆಗೆ ಹೋದರೆ ಜನ ಸುಮ್ಮನಿರುತ್ತಾರೆಯೇ? "ಗಂಡ ಅದಾನಲ್ಲ ಬೇ, ಕೈ ಯಾಕ ಬೋಳು?" ಎಂದು ಕೇಳುವರು. "ಗಂಡ ಬಳ್ಯಾಗ ಕುಂತಿಲ್ಲವಾ, ಮನ್ಯಾಗ ಕುಂತಾನ," ಎಂದು ಹೇಳಿ ಬದನೆಕಾಯಿ ಆರಿಸತೊಡಗುವಳು.

ಅವಳು ಬಳೆ ತೆಗೆದದ್ದು ನನ್ನ ಸಲುವಾಗಿ. ನನ್ನ ಚರ್ಮ ಹುಟ್ಟಿನಿಂದಲೇ ಹೀಗೆ. ಉಜ್ಜಿದರೆ ಗುಳ್ಳೆ ಏಳುತ್ತದೆ, ಬಳೆ ತಾಕಿದರೆ ಕಿತ್ತು ಬರುತ್ತದೆ. ಅವ್ವ ತನ್ನ ಸೋದರಮಾವನನ್ನೇ ಮದುವೆಯಾದವಳು. ಇದು ಇಬ್ಬರ ರಕ್ತದಿಂದಲೂ ಬಂದದ್ದು ಎಂದು ರಾಯಚೂರಿನ ಡಾಕ್ಟರು ಎಷ್ಟೋ ವರ್ಷದ ಮೇಲೆ ಹೇಳಿದರು. ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ಮಾನ್ವಿಯ ನಮ್ಮ ಮನೆಯಲ್ಲಿ ನನಗೆ ಹೆಸರಿಟ್ಟ ದಿನ "ಬಂಜಿ ಕೈ ಬ್ಯಾಡ" ಎಂದು ಅವಳನ್ನು ತೊಟ್ಟಿಲ ಹತ್ತಿರ ಬಿಟ್ಟಿರಲಿಲ್ಲವಂತೆ. ಮುಂದೆ ನನ್ನನ್ನು ಎತ್ತಿದಲ್ಲೆಲ್ಲ ಗುಳ್ಳೆ ಎದ್ದು, ಅವ್ವ ನನ್ನನ್ನು ಮುಟ್ಟಲೂ ಹೆದರತೊಡಗಿದಾಗ, ಅದೇ ಜನ ಅದೇ ಕೈಗೆ ನನ್ನನ್ನು ಕೊಟ್ಟು ದೇವದುರ್ಗಕ್ಕೆ ಕಳಿಸಿದರು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ದೊಡ್ಡವ್ವ ಕಂಕುಳಿಗೆ ಕೈ ಹಾಕಿ ನನ್ನನ್ನು ಎಂದೂ ಎತ್ತಲಿಲ್ಲ. ಬೆನ್ನ ಕೆಳಗೆ ಅಂಗೈ ಜಾರಿಸಿ, ಹಾಸಿದ ಹಳೆಯ ಸೀರೆಯ ಸಮೇತ ಎತ್ತುತ್ತಿದ್ದಳು. ಮುಂಜಾನೆ ಕುದಿಸಿದ ಸೂಜಿಯಿಂದ ಗುಳ್ಳೆ ಚುಚ್ಚಿ ನೀರು ತೆಗೆಯುವಾಗ ನಾನು ಊರೇ ಏಳುವಂತೆ ಅರಚುತ್ತಿದ್ದೆ. "ಚೀರು ಯವ್ವಾ, ಚೀರು. ದನಿಗೇನು ಗುಳ್ಳಿ ಏಳಂಗಿಲ್ಲ," ಎನ್ನುವಳು. ಅಳುತ್ತಲೇ ನಗು ಬರುತ್ತಿತ್ತು.

ನಾನು ಹೈಸ್ಕೂಲಿನಲ್ಲಿದ್ದಾಗ ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ನನ್ನಂಥವರ ಚರ್ಮದ ಮೇಲೆ ಸಂಶೋಧನೆ ನಡೆಯುತ್ತಿತ್ತು. ಪಕ್ಕದ ಕೋಣೆಯಲ್ಲಿ ಇನ್ನೊಂದು, ಮಕ್ಕಳಾಗದ ಹೆಂಗಸರ ಸಂಕಟದ ಮೇಲೆ. ನನ್ನ ರಕ್ತ ಕೊಟ್ಟು ಬೆಂಚಿನ ಮೇಲೆ ಕೂತಿದ್ದೆವು. ಆ ಕೋಣೆಯ ಹುಡುಗಿ ಪ್ರಶ್ನೆಗಳ ಹಾಳೆ ಹಿಡಿದು ಹೊರಬಂದು ದೊಡ್ಡವ್ವನನ್ನು ಮಾತಿಗೆಳೆದಳು.

"ನಿಮಗ ಮಕ್ಕಳ ಅದಾರೇನ್ರಿ?"

ದೊಡ್ಡವ್ವ ನನ್ನ ಕಡೆ ನೋಡಿದಳು. ಏನು ಹೇಳುತ್ತಾಳೋ ಎಂದು ನಾನು ಅವಳ ಬಾಯನ್ನೇ ನೋಡುತ್ತಿದ್ದೆ.

"ನಾ ಹಡದಿಲ್ರಿ," ಎಂದಳು.

"ಬ್ಯಾರೇದವ್ರ ಮಕ್ಕಳ್ನ ನೋಡಿದ್ರ ಸಂಕಟ ಆಗ್ತದೇನ್ರಿ? ಭಾಳಾ, ಸ್ವಲ್ಪಾ, ಇಲ್ಲಾ?"

"ಮೊದಲ ಆಗ್ತಿತ್ರಿ. ತೊಟ್ಟಿಲ ಮುಟ್ಟಬ್ಯಾಡ ಅಂದಾಗ ನಾನರ ಸತ್ತು ಹೋಗಬಾರದಾ ಅನಸ್ತಿತ್ತು. ಈಗಿಂದು ಬ್ಯಾರೆ ಅದ. ಇಕಿನ್ನ ಒಮ್ಮಿ ಗಟ್ಟಿ ಅಪ್ಪಿಕೋಬೇಕು ಅನಸ್ತದ. ಅಪ್ಪಿಕೊಂಡ್ರ ತೊಗಲು ಕಿತ್ತು ಬರ್ತದ. ಅದಕ್ಕೇನರ ಔಷಧ ಹುಡುಕಾಕತ್ತೀರೇನ್ರಿ?"

ಆ ಹುಡುಗಿಗೆ ಇದನ್ನು ಭಾಳದಲ್ಲಿ ಬರೆಯಬೇಕೋ ಸ್ವಲ್ಪದಲ್ಲೋ ತಿಳಿಯಲಿಲ್ಲ. ದೇವದುರ್ಗದ ಬಸ್ಸಿನಲ್ಲಿ ದೊಡ್ಡವ್ವ ನನಗೆ ಕಿಟಕಿ ಬದಿಯ ಸೀಟು ಕೊಟ್ಟು, ಜನ ತಾಕದಂತೆ ಅಡ್ಡವಾಗಿ ಕೂತಳು.

ಹೋದ ವರ್ಷ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಗಂಡನಿಗಿಂತ ಮೊದಲು ಹೋದಳು, ಪುಣ್ಯವಂತೆ ಎಂದು ಓಣಿಯ ಹೆಂಗಸರು ಹಸಿರು ಬಳೆ ತಂದರು. ಬೆರಳು ಒತ್ತಿ ಹಿಡಿದು ಬಳೆ ಏರಿಸಬೇಕು, ಅಷ್ಟರಲ್ಲಿ ಜೀವಮಾನವೆಲ್ಲ ಹೆಚ್ಚು ಮಾತಾಡದ ದೊಡ್ಡಪ್ಪ ಗೋಡೆ ಹಿಡಿದು ಎದ್ದ. "ತಡೀರಿ. ಬಳಿ ಆಮ್ಯಾಲ ಹಾಕ್ರಿ. ಮೊದಲ ಮಗಳು ಅಪ್ಪಿಕೊಳ್ಳಲಿ," ಎಂದ.

ನಾನು ಅವಳನ್ನು ಗಟ್ಟಿಯಾಗಿ ಅಪ್ಪಿಕೊಂಡೆ. ಯಾರೂ ಬೇಡ ಎನ್ನಲಿಲ್ಲ. ಬೇಡ ಎನ್ನುವವಳು ಅವಳೊಬ್ಬಳೇ ಇದ್ದಳು.

ಸಂಜೆ ಮಣ್ಣು ಕೊಟ್ಟು ಬಂದೆವು. ಅಷ್ಟರಲ್ಲಿ ನನ್ನ ತೋಳು, ಕುತ್ತಿಗೆ ತುಂಬ ಗುಳ್ಳೆ ಎದ್ದಿದ್ದವು. ಒಲೆ ಹಚ್ಚಿ, ಸೂಜಿ ಕುದಿಸಿ, ಅವಳು ಬರಲೆಂದು ಕೂತೆ.