ಜ್ಯೋತಿಲಕ್ಷ್ಮಿ ಕಟ್ಟಿದ ತುರುಬು

ದೇವನಹಳ್ಳಿ ಕಡೆಯ ನಮ್ಮ ವಿಜಯಪುರದಲ್ಲಿ ಹೆಣ್ಣುಮಕ್ಕಳ ತಲೆ ಯಾವ ತಿಂಗಳು ಹೇಗಿರುತ್ತದೆ ಎಂದು ನನ್ನನ್ನು ಕೇಳಿ, ಹೇಳುತ್ತೇನೆ. ಬೇಸಿಗೆಯಲ್ಲಿ ಮಲ್ಲಿಗೆ ಅಗ್ಗವಾದ ಕೂಡಲೇ ಪುಟ್ಟ ಹುಡುಗಿಯರಿಗೆ ಮೊಗ್ಗಿನ ಜಡೆ, ಜೊತೆಗೊಂದು ಫೋಟೊ. ಸ್ಕೂಲು ಶುರುವಾದರೆ ರಿಬ್ಬನ್ ಕಟ್ಟಿ ಮಡಿಸಿದ ಎರಡು ಜಡೆ. ವರಮಹಾಲಕ್ಷ್ಮಿ ಹಬ್ಬಕ್ಕೆ ವಾರವಿದೆ ಅನ್ನುವಾಗ ಎಲ್ಲರ ಕೂದಲೂ ಇಸ್ತ್ರಿ ಹಾಕಿದ ಹಾಗೆ ನೆಟ್ಟಗಾಗುತ್ತದೆ. ಧನುರ್ಮಾಸದಲ್ಲಿ ಯಾರೂ ಏನೂ ಮಾಡಿಸಿಕೊಳ್ಳುವುದಿಲ್ಲ, ಎಣ್ಣೆ ಹಚ್ಚಿ ಗಂಟು ಹಾಕಿಕೊಂಡು ಓಡಾಡುತ್ತಾರೆ. ಸಂಕ್ರಾಂತಿ ಕಳೆದು ಮದುವೆಗಳು ಶುರುವಾದವೋ, ಊರಿಗೆ ಊರೇ ಒಂದೇ ತಲೆ. ಆ ವರ್ಷದ ಮೊದಲ ದೊಡ್ಡ ಮದುವೆಯಲ್ಲಿ ಹೆಣ್ಣು ಹೇಗೆ ಬಾಚಿಸಿಕೊಂಡಿದ್ದಳೋ ಉಳಿದವರೂ ಹಾಗೇ. ದೊಡ್ಡ ಮದುವೆ ಅಂದೆ, ಗಮನಿಸಿ. ಸಣ್ಣ ಮದುವೆಯ ಹೆಣ್ಣು ಎಂಥ ಜಡೆ ಹಾಕಿಕೊಂಡು ಬಂದರೂ ಯಾರೂ ತಿರುಗಿ ನೋಡುವುದಿಲ್ಲ.

ಇದೆಲ್ಲ ನನಗೆ ಹೇಗೆ ಗೊತ್ತೆಂದರೆ, ನಾನು ಬ್ಲೌಸ್ ಹೊಲಿಯುವವಳು. ಮುನಿವೆಂಕಟಮ್ಮ ಅಂತ ಬೋರ್ಡು ಹಾಕಿಸಿಲ್ಲ, ಬೇಕಾದವರಿಗೆ ಗೊತ್ತು. ಹೆಂಗಸರ ಬೆನ್ನು ಮತ್ತು ತಲೆ ಜೊತೆಜೊತೆಗೇ ನಡೆಯುತ್ತವೆ. ಬ್ಲೌಸಿನ ಬೆನ್ನಿಗೆ ನವಿಲು, ಆನೆ ಅಂತ ಕಸೂತಿ ಹಾಕಿಸುವ ಹುಚ್ಚು ಬಂದ ವರ್ಷವೇ ಜಡೆ ಮೇಲಕ್ಕೆ ಹೋಗಿ ತುರುಬಾಯಿತು. ಅಷ್ಟು ಆಸೆಪಟ್ಟು ಹಾಕಿಸಿದ ನವಿಲನ್ನು ಜಡೆಯ ಕೆಳಗೆ ಬಚ್ಚಿಡಲು ಯಾರು ಒಪ್ಪುತ್ತಾರೆ? ನನ್ನ ಅಂಗಡಿಗೆ ಅಂಟಿಕೊಂಡ ಹಾಗೇ ಜ್ಯೋತಿಲಕ್ಷ್ಮಿಯ ಬ್ಯೂಟಿ ಪಾರ್ಲರ್ ಇದೆ. ನಡುವೆ ಇರುವುದು ಪ್ಲೈವುಡ್ ಗೋಡೆ. ಅವಳು ಅತ್ತರೆ ನನಗೆ ಕೇಳಿಸುತ್ತದೆ, ನಾನು ಬೈದರೆ ಅವಳಿಗೆ ಕೇಳಿಸುತ್ತದೆ.

ಜ್ಯೋತಿಲಕ್ಷ್ಮಿ ಬೆಳೆದದ್ದು ಇಲ್ಲಿನ ಹುರಿ ಮಿಷನ್ನುಗಳ ಸದ್ದಿನಲ್ಲಿ. ಅವಳ ತಾಯಿ ಅಂಜಿನಮ್ಮ ರೇಷ್ಮೆ ನೂಲಿಗೆ ಹುರಿ ಹಾಕುವ ಕಡೆ ಕೂಲಿಗೆ ಹೋಗುತ್ತಿದ್ದಳು. ಮಗಳೂ ಹತ್ತನೇ ಕ್ಲಾಸು ಮುಗಿಯುವ ಮೊದಲೇ ಅಲ್ಲಿಗೇ ಹೋದಳು. ಮದುವೆಯಾದ ಮೇಲೆ ಗಂಡ ಬೈರೇಶ್ ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸಲು ಹೊರಟ. ಇವಳು ದೊಡ್ಡಬಳ್ಳಾಪುರದಲ್ಲಿ ಬ್ಯೂಟಿಷಿಯನ್ ಕೋರ್ಸು ಮಾಡಿಕೊಂಡು ಬಂದು ಅಂಗಡಿ ತೆರೆದಳು. ಕೈ ಒಳ್ಳೆಯದು, ಬಾಯಿಯೂ ಒಳ್ಳೆಯದು. ಆದರೆ ಅವಳು ಮಾಡಿದ್ದೆಲ್ಲ ನಕಲು. ಮೊದಲು ಗಿರಾಕಿಗಳು ಸೀರಿಯಲ್ಲು ನೋಡಿ ಬರುತ್ತಿದ್ದರು, ಈಗ ಫೋನು ಹಿಡಿದುಕೊಂಡು ಬರುತ್ತಾರೆ. "ಅಕ್ಕ, ಹಿಂಗೇ ಬೇಕು" ಅಂತ ತೋರಿಸುತ್ತಾರೆ. ಇವಳು ಹಾಗೇ ಹಾಕುತ್ತಾಳೆ. ಮುಂದಿನ ವರ್ಷ ಅದು ಹಳೆಯದಾಗುತ್ತದೆ, ಇನ್ನೊಂದು ಫೋಟೊ ಬರುತ್ತದೆ.

ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದೆ ಕೂತಿದ್ದಾಗ ಗೋಡೆಯ ಆಚೆಯಿಂದಲೇ ಅಂದಿದ್ದಳು, "ಅಕ್ಕ, ನಾನು ಸಾಯೋದ್ರೊಳ್ಗೆ ಒಂದೇ ಒಂದು ಸಾಕು. ಇದು ಜ್ಯೋತಿ ಹಾಕೋದು ಅಂತ ಜನ ಹೇಳ್ಬೇಕು."

"ಹೇಳಿದ್ರೆ ಏನು ಬರುತ್ತೆ?" ಅಂದೆ ನಾನು.

"ಏನೂ ಬರಲ್ಲ. ಆದ್ರೂ ಹೇಳ್ಬೇಕು."

ನನಗೆ ನಗು ಬಂತು. ಆದರೆ ಅವಳು ತಮಾಷೆಗೆ ಹೇಳಿರಲಿಲ್ಲ. ಹತ್ತಾರು ವರ್ಷ ಬೇರೆಯವರ ತಲೆ ಬಾಚಿದವಳಿಗೆ ಅಷ್ಟೂ ಆಸೆ ಇರಬಾರದೇ?

ಅದು ಆಗಿಯೇ ಹೋಯಿತು ಎಂದು ನಾವಿಬ್ಬರೂ ನಂಬಿದ್ದು ಅಕ್ಷತಾಳ ಮದುವೆಯಲ್ಲಿ. ಅಕ್ಷತ ಇಲ್ಲೇ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆ ಕೆಲಸಕ್ಕೆ ಹೋಗುವ ದ್ಯಾವಮ್ಮನ ದೊಡ್ಡ ಮಗಳು. ಮದುವೆ ಗೊತ್ತಾದ ಮೇಲೆ ಹುಡುಗಿಗೆ ಡೆಂಗ್ಯೂ ಬಂತು, ಜ್ವರ ಹೋಗುವಾಗ ಕೂದಲನ್ನೂ ಕರೆದುಕೊಂಡು ಹೋಯಿತು. ಉಳಿದದ್ದು ಬೆರಳಿಗೆ ಸಿಗದಷ್ಟು. ಅವಳಿಗೋ ಎಲ್ಲ ಹೆಣ್ಣುಗಳ ಹಾಗೆ ಬಾಡಿಗೆಗೆ ಸಿಗುವ ಭಾರದ ಜಡೆ ಬೇಕು. ಅದನ್ನು ಕಟ್ಟಲು ತಲೆಯಲ್ಲಿ ಹಿಡಿತವಿರಬೇಕಲ್ಲ. ಮದುವೆಯ ಹಿಂದಿನ ದಿನ ಜ್ಯೋತಿ ಕಟ್ಟಿ ನೋಡಿದಳು. ಜಡೆ ಜಾರಿ ಕೆಳಗೆ ಬಂತು. ಪಿನ್ನು ಚುಚ್ಚಿದ ಕಡೆಯೆಲ್ಲ ಹುಡುಗಿ ಅಮ್ಮಾ ಅಮ್ಮಾ ಅನ್ನುತ್ತಿದ್ದಳು.

ಗೋಡೆಯ ಈಚೆ ನಾನು ಒಂದು ತೋಳು ಹೊಲಿದು ಮುಗಿಸಿದೆ. ಆಮೇಲೆ ಜ್ಯೋತಿ, "ಅಕ್ಕ, ಬಾ ಇಲ್ಲಿ" ಅಂತ ಕೂಗಿದಳು. ಟೇಪು ಕುತ್ತಿಗೆಯಲ್ಲೇ ಇಟ್ಟುಕೊಂಡು ಹೋದೆ.

ರೇಷ್ಮೆ ನೂಲಿನ ಲಡಿಯನ್ನು ನೀವು ನೋಡಿರಬಹುದು. ಎರಡೂ ತುದಿ ಹಿಡಿದು ಬಿಗಿಯಾಗಿ ತಿರುಚಿ ಅರ್ಧಕ್ಕೆ ಮಡಿಸಿದರೆ ಅದು ತನ್ನಷ್ಟಕ್ಕೆ ತಾನೇ ಸುತ್ತಿಕೊಳ್ಳುತ್ತದೆ. ತುದಿಯನ್ನು ಮಡಿಕೆಯ ಒಳಗೆ ತೂರಿಸಿಬಿಟ್ಟರೆ ಎಲ್ಲಿಗೆ ಕಳಿಸಿದರೂ ಬಿಚ್ಚುವುದಿಲ್ಲ. ಜ್ಯೋತಿ ಆ ನಾಲ್ಕು ಎಳೆ ಕೂದಲನ್ನು ಹಾಗೇ ಮಾಡಿದ್ದಳು. ಎರಡು ಕಡೆಯಿಂದ ತಂದು, ತಿರುಚಿ, ಮಡಿಸಿ, ಒಳಗೆ ತೂರಿಸಿದ್ದಳು. ಪಿನ್ನಿಲ್ಲ, ಚೌರಿಯಿಲ್ಲ, ಸ್ಪ್ರೇ ಇಲ್ಲ. ಕುತ್ತಿಗೆಯ ಮೇಲೆ ಸಣ್ಣದೊಂದು ತುರುಬು, ಹೊಸ ಲಡಿಯ ಹಾಗೆ ಹೊಳೆಯುತ್ತಿತ್ತು. "ತಲೆ ಆಡ್ಸು" ಅಂದಳು. ಅಕ್ಷತ ಆಡಿಸಿದಳು. ಕದಲಲಿಲ್ಲ. ಅಷ್ಟು ಚೆನ್ನಾಗಿರುವುದನ್ನು ನಾನು ಆ ಅಂಗಡಿಯಲ್ಲಿ ನೋಡಿರಲಿಲ್ಲ.

ಅಕ್ಷತ ಮಾತ್ರ ಕನ್ನಡಿ ನೋಡಿ ಅತ್ತಳು. "ಎಲ್ಲಾರ್ ಥರ ಇಲ್ವಲ್ಲಕ್ಕ" ಅಂದಳು. ಅವಳಮ್ಮ, "ಸುಮ್ನಿರೇ, ಇರೋ ಕೂದ್ಲಲ್ಲಿ ಇನ್ನೇನ್ ಮಾಡ್ತಾರೆ" ಅಂತ ಗದರಿದಳು. ಮದುವೆಯಲ್ಲಿ ಅದರ ಸುತ್ತ ಹೂ ಸುತ್ತಿದರು. ಫೋಟೊ ತೆಗೆಯುವವನಿಗೆ ಹಿಂಬದಿ ಬೇಕಾಗಲಿಲ್ಲ. ಬಂದವರು ಊಟ ಚೆನ್ನಾಗಿತ್ತು ಅಂದರು, ಹೋದರು.

ಮಧ್ಯಾಹ್ನ ಛತ್ರ ಖಾಲಿ ಮಾಡುವ ಹೊತ್ತಿಗೆ ಸಂಜೆ ಅಲ್ಲೇ ರಿಸೆಪ್ಷನ್ ಇಟ್ಟುಕೊಂಡಿದ್ದ ಬೇರೆ ಮನೆಯವರು ಬಂದರು, ಅವರ ಜೊತೆ ಬೆಂಗಳೂರಿನ ಒಬ್ಬ ಮೇಕಪ್ ಮೇಡಂ. ಅಕ್ಷತ ಹೂ ತೆಗೆದು ಗಂಡನ ಮನೆಗೆ ಹೊರಡಲು ನಿಂತಿದ್ದಳು. ಆ ಹೆಂಗಸು ಅವಳ ಹಿಂದೆ ಬಂದು ನಿಂತೇಬಿಟ್ಟಳು. "ಯಾರು ಮಾಡಿದ್ದು ಇದು?" ಅಂದಳು. ಜ್ಯೋತಿ ಮುಂದೆ ಬಂದಳು. "ಒಂದು ವಿಡಿಯೊ ತಗೊಳ್ಳಲಾ ಮೇಡಂ?" ಅಂತ ಆ ಹೆಂಗಸು ಕೇಳಿದಳು. ನಮ್ಮ ಜ್ಯೋತಿಯನ್ನು ಅಲ್ಲಿಯವರೆಗೆ ಯಾರೂ ಮೇಡಂ ಅಂದಿರಲಿಲ್ಲ. ಕಟ್ಟಿದ್ದನ್ನು ಬಿಚ್ಚಿ, ಫೋನಿಗೆ ಕಾಣುವ ಹಾಗೆ ನಿಧಾನವಾಗಿ, ಎಲ್ಲಿ ತಿರುಚಬೇಕು, ಎಲ್ಲಿ ತೂರಿಸಬೇಕು ಅಂತ ಬಾಯಲ್ಲೂ ಹೇಳುತ್ತಾ ಇನ್ನೊಮ್ಮೆ ಕಟ್ಟಿ ತೋರಿಸಿದಳು. ಬೆಂಗಳೂರಿನ ಮೇಡಂ ಜ್ಯೋತಿಯ ನಂಬರು ತೆಗೆದುಕೊಂಡಳು. ಬಸ್ಸಿನಲ್ಲಿ ವಾಪಸು ಬರುವಾಗ ಜ್ಯೋತಿ ದಾರಿಯುದ್ದಕ್ಕೂ ಕಿಟಕಿಯ ಕಡೆ ತಿರುಗಿ ನಗುತ್ತಿದ್ದಳು.

ಫೋನು ಬರಲಿಲ್ಲ. ಮಾರನೇ ವರ್ಷ ಇಲ್ಲೇ ಪಕ್ಕದ ಚನ್ನರಾಯಪಟ್ಟಣ ಹೋಬಳಿಯ ದೊಡ್ಡ ಕುಳ ವೆಂಕಟರಾಮಪ್ಪನವರ ಮಗಳ ಮದುವೆಯಾಯಿತು. ಏರ್‌ಪೋರ್ಟ್ ರಸ್ತೆಯ ದೊಡ್ಡ ಹಾಲು, ಡ್ರೋನು, ಹೊಗೆ ಬಿಡುವ ಸ್ಟೇಜು, ಎಲ್ಲ ಇತ್ತಂತೆ. ಮೇಕಪ್ಪಿಗೆ ಅದೇ ಮೇಡಂ. ಆ ಹೆಣ್ಣಿನ ತಲೆಯ ವಿಡಿಯೊ ಎಲ್ಲರ ಫೋನಿನಲ್ಲೂ ಓಡಾಡಿತು. ಹೆಸರು ರಾಯಲ್ ಟ್ವಿಸ್ಟ್. ತಿರುಚಿದ್ದು ಅದೇ, ಮಡಿಸಿದ್ದು ಅದೇ, ತೂರಿಸಿದ್ದೂ ಅದೇ. ಒಳಗೆ ಮಾತ್ರ ದಪ್ಪಕ್ಕೆ ಬೇರೆ ಕೂದಲು ತುಂಬಿ, ಸುತ್ತ ಮುತ್ತಿನ ಪಿನ್ನು ಹೊಡೆದು, ಮೇಲೆ ಚಿನ್ನದ ಬಣ್ಣ ಊದಿದ್ದರು.

ಜ್ಯೋತಿಗೆ ಅದನ್ನು ತೋರಿಸಿದವಳು ಒಬ್ಬ ಗಿರಾಕಿ. ಜ್ಯೋತಿ ಮೊದಲು ಜೋರಾಗಿ ನಕ್ಕಳು. "ಅಯ್ಯೋ, ಇದು ನಂದು ಕಣೇ. ನಾನೇ ಹೇಳ್ಕೊಟ್ಟಿದ್ದು" ಅಂದಳು. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ, ಖುಷಿಯಿತ್ತು. ಹಿಡಿಸಿತಲ್ಲ ಜನಕ್ಕೆ, ಅಷ್ಟೇ ಸಾಕು ಅನ್ನುವ ಹಾಗೆ.

ಆ ಹುಡುಗಿಯೂ ನಕ್ಕಳು. "ಹಂಗಾದ್ರೆ ಏರ್‌ಪೋರ್ಟೂ ನೀನೇ ಕಟ್ಸಿದ್ದಾ ಅಕ್ಕ?"

ಮರುದಿನ ಇನ್ನೊಬ್ಬಳಿಗೆ ಹೇಳಿದಳು. ಅವಳು ಹೂಂ ಅಂದು ಫೋನು ನೋಡಿಕೊಂಡಳು. ನಾನೂ ಹೇಳಿದೆ. ಪಕ್ಕದಂಗಡಿಯವಳು ಇನ್ನೇನು ಹೇಳುತ್ತಾಳೆ ಅಂತ ನನ್ನ ಮಾತನ್ನೂ ತಳ್ಳಿಹಾಕಿದರು. ಮನೆಯಲ್ಲಿ ಬೈರೇಶ್, "ಬಿಡೇ, ಊರೋರ ತಲೆ ಮೇಲಿರೋದಕ್ಕೆ ನೀನ್ಯಾಕೆ ತಲೆ ಕೆಡಿಸ್ಕೊಳ್ತೀಯಾ" ಅಂದನಂತೆ. ಅದಕ್ಕಿಂತ ಕೆಟ್ಟದ್ದು ಬೇರೆಯಿತ್ತು. ಎಲ್ಲರೂ ಆ ತುರುಬನ್ನೇ ಕೇಳಿಕೊಂಡು ಬಂದರು. ಜ್ಯೋತಿ ತಾನು ಕಟ್ಟುವ ಹಾಗೆ, ಹಗುರವಾಗಿ, ಪಿನ್ನಿಲ್ಲದೆ ಕಟ್ಟಿದಳು. "ಇದು ಅದಲ್ಲ ಅಕ್ಕ. ನಿಂಗೆ ಸರಿಯಾಗಿ ಬರಲ್ಲ ಅನ್ಸುತ್ತೆ" ಅಂದರು. ದೇವನಹಳ್ಳಿಯಲ್ಲಿ ಹೊಸದಾಗಿ ತೆರೆದ ಗಾಜಿನ ಬಾಗಿಲಿನ ಸಲೂನಿನಲ್ಲಿ ಅಚ್ಚು ಅದೇ ಥರ ಹಾಕುತ್ತಾರೆ ಅಂತ ಬಸ್ಸು ಹತ್ತಿದರು. ಅವಳದೇ ತುರುಬು ಅವಳ ಗಿರಾಕಿಗಳನ್ನು ಕರೆದುಕೊಂಡು ಹೋಯಿತು.

"ಅಕ್ಷತ ಬರ್ಲಿ ಅಕ್ಕ. ಅವಳ ತಲೆ ಮೇಲೇ ಕಟ್ಟಿದ್ದು. ಅವಳೇ ಹೇಳ್ತಾಳೆ" ಅನ್ನುತ್ತಿದ್ದಳು ಜ್ಯೋತಿ. ಅಕ್ಷತ ತೂಬಗೆರೆ ಕಡೆ ಸೊಸೆಯಾಗಿ ಹೋಗಿದ್ದಳು, ಬರುವುದು ಕಡಿಮೆ. ಈ ವರ್ಷ ತಂಗಿ ಸಿಂಚನಾಳ ಮದುವೆ ಗೊತ್ತಾಯಿತು. ಅಕ್ಕತಂಗಿಯರು ಮೊದಲೇ ಒಮ್ಮೆ ತಲೆ ಕಟ್ಟಿಸಿ ನೋಡಲು ಬರುತ್ತಾರೆ ಅಂತ ತಿಳಿದ ದಿನ ಜ್ಯೋತಿ ಕನ್ನಡಿ ಒರೆಸಿ, ಕುರ್ಚಿಯ ಹರಿದ ರೆಕ್ಸಿನ್ನಿಗೆ ಟೇಪು ಹಚ್ಚಿ, ಬೇರೆ ಇಬ್ಬರು ಗಿರಾಕಿಗಳನ್ನೂ ಅದೇ ಹೊತ್ತಿಗೆ ಬರಹೇಳಿದಳು. ಯಾಕೆಂದು ಕೇಳಲಿಲ್ಲ, ಗೊತ್ತಾಯಿತು. ಅವಳಿಗೆ ಕೇಳಿಸಿಕೊಳ್ಳುವ ಜನ ಬೇಕಿತ್ತು.

ನಾನು ಸಿಂಚನಾಳ ಬ್ಲೌಸು ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಅಕ್ಷತಾಳ ಕೂದಲು ಮತ್ತೆ ಬೆಳೆದು ದಟ್ಟವಾಗಿತ್ತು. ಕೂತ ಕೂಡಲೇ ಫೋನು ತೆಗೆದು ವೆಂಕಟರಾಮಪ್ಪನವರ ಮಗಳ ಫೋಟೊ ತೋರಿಸಿದಳು. "ಅಕ್ಕ, ಇವಳಿಗೆ ಇದೇ ಬೇಕಂತೆ. ನಿಂಗೆ ಬರ್ತದಾ? ಇಲ್ಲಾಂದ್ರೆ ದೇವನಹಳ್ಳಿಗೆ ಹೋಗ್ತೀವಿ, ಬೇಜಾರ್ ಮಾಡ್ಕೋಬೇಡ."

ಜ್ಯೋತಿ ಬಾಚಣಿಗೆ ಕೆಳಗಿಟ್ಟಳು. "ಇದು ನಿಂಗೆ ಹಾಕಿದ್ದೇ ಅಲ್ವೇನಮ್ಮ?"

"ನಂಗಾ?"

"ನಿನ್ ಮದ್ವೇಲಿ. ಛತ್ರದಲ್ಲಿ ಆ ಮೇಡಂ ಬಂದು ವಿಡಿಯೊ ಮಾಡ್ಕೊಂಡ್ಳಲ್ಲ, ಬಿಚ್ಚಿ ಮತ್ತೆ ಕಟ್ಟಿದ್ನಲ್ಲ."

ಅಕ್ಷತ ಫೋಟೊವನ್ನು ದೊಡ್ಡದು ಮಾಡಿ ನೋಡಿದಳು. ನಿಜವಾಗಿಯೂ ನೋಡಿದಳು, ಅವಳ ಮೇಲೆ ತಪ್ಪು ಹೊರಿಸಲಾರೆ. ಆಮೇಲೆ ತಲೆಯಾಡಿಸಿದಳು. "ಅಯ್ಯೋ, ನಂದೆಲ್ಲಿ ಇದೆಲ್ಲಿ ಅಕ್ಕ. ನಂಗೆ ಕೂದ್ಲೇ ಇರ್ಲಿಲ್ವಲ್ಲ, ಹೆಂಗೋ ಒಂದು ಗಂಟು ಹಾಕಿ ಕಳ್ಸಿದ್ದೆ ನೀನು. ಆ ಮೇಡಂ ಪಾಪ ಅಂತ ನೋಡಿರ್ಬೇಕು." ತಂಗಿಯ ಕಡೆ ತಿರುಗಿ, "ಅವತ್ತು ನಾನು ಎಷ್ಟು ಅತ್ತಿದ್ದೆ ಗೊತ್ತಾ" ಅಂದಳು.

ಕರೆಸಿಕೊಂಡ ಇಬ್ಬರು ಗಿರಾಕಿಗಳು ಮುಖಮುಖ ನೋಡಿಕೊಂಡರು. ನಾನು ಬಾಯಿ ತೆರೆದೆ. ಕನ್ನಡಿಯಲ್ಲೇ ಜ್ಯೋತಿ ನನಗೆ ಬೇಡ ಅಂತ ಕಣ್ಣು ಮಾಡಿದಳು. ಅವಳ ಮುಖ ನೋಡಲಾಗದೆ ಬ್ಲೌಸಿನ ಹುಕ್ಕುಗಳನ್ನು ಹಾಕಿ ತೆಗೆದು ಮಾಡುತ್ತಾ ನಿಂತೆ.

ಅವಳು ಸಿಂಚನಾಳ ತಲೆ ಬಾಚಿದಳು. ತಿರುಚಿದಳು, ಮಡಿಸಿದಳು, ತೂರಿಸಿದಳು. ಕೈ ಹಿಂದಿನ ಹಾಗೇ ಓಡಿತು. ಅಕ್ಷತ ಫೋನನ್ನು ಪಕ್ಕದಲ್ಲಿ ಹಿಡಿದು, "ಇಲ್ಲ ಅಕ್ಕ, ಅದು ಇನ್ನೂ ಉಬ್ಬಿದೆ. ಇದ್ರಲ್ಲಿ ಪಿನ್ನೂ ಇಲ್ಲ ನೋಡು" ಅಂದಳು. ಜ್ಯೋತಿ ಬಿಚ್ಚಿದಳು. ಫೋನು ಇಸಿದುಕೊಂಡು ಕನ್ನಡಿಗೆ ಒರಗಿಸಿಟ್ಟು, ಆ ವಿಡಿಯೊವನ್ನು ಮೊದಲಿಂದ ಹಾಕಿ ನೋಡಿದಳು. ಅವರು ಮಾಡಿದ ಹಾಗೇ ಒಳಗೆ ಚೌರಿ ತುಂಬಿದಳು. ಬೇಡವಾದ ಕಡೆಯೆಲ್ಲ ಪಿನ್ನು ಚುಚ್ಚಿದಳು. ಸಿಂಚನ ಹಲ್ಲು ಕಚ್ಚಿ ತಡೆದುಕೊಂಡಳು. ಮೇಲೆ ಸ್ಪ್ರೇ ಹೊಡೆದಾಗ ಅಂಗಡಿಯೆಲ್ಲ ವಾಸನೆ ತುಂಬಿ ಎಲ್ಲರೂ ಕೆಮ್ಮಿದರು.

ಅಕ್ಷತ ಫೋನನ್ನು ತಂಗಿಯ ತಲೆಯ ಪಕ್ಕ ಹಿಡಿದು ಎರಡನ್ನೂ ನೋಡಿದಳು. ಮುಖ ಅರಳಿತು. ಜ್ಯೋತಿಯ ಕೈಯನ್ನು ಪ್ರೀತಿಯಿಂದ ಹಿಡಿದುಕೊಂಡು, "ನೋಡಕ್ಕ, ಕಲ್ತ್‌ಬಿಟ್ಟೆ ನೀನು" ಅಂದಳು.

"ಹೂಂ ಕಣಮ್ಮ, ಕಲ್ತೆ" ಅಂದಳು ಜ್ಯೋತಿಲಕ್ಷ್ಮಿ. ಕಾದು ಕೂತಿದ್ದ ಇಬ್ಬರೂ ತಮಗೂ ಅದೇ ಬೇಕು ಅಂದರು.