ಚಹಾ ಕುಡಿದು ವಾಪಸ್ ಹೋದ ಗಾಡಿ

ವಸುಧಾ ಮೇಡಂ ನಮ್ಮ ಆಫೀಸಿನ ರಿಜಿಸ್ಟರ್ ತೆರೆದರು. ಮೊದಲ ಪುಟ ಓದಿದರು. ಕನ್ನಡಕ ಸರಿ ಮಾಡಿಕೊಂಡು ಎರಡನೇ ಪುಟ ಓದಿದರು. ಮೂರನೆಯದಕ್ಕೆ ಬರುವಷ್ಟರಲ್ಲಿ ಕನ್ನಡಕವನ್ನೇ ತೆಗೆದು ಟೇಬಲ್ ಮೇಲಿಟ್ಟರು.

‘ಇದೇನಿದು? ಎಲ್ಲ ಪುಟದಲ್ಲೂ ಒಂದೇ ಸಾಲು ಇದೆಯಲ್ಲ?’

ಇತ್ತು. ನಾನೇ ಬರೆದಿದ್ದೆ. ‘ಈ ಸಲ ಏನು ಕೆಟ್ಟಿತು?’ ಎಂಬ ಪ್ರಶ್ನೆಯ ಮುಂದೆ ಎಂಟು ಪುಟಗಳಲ್ಲಿ ಎಂಟು ಸಲ, ಚೆಂದದ ಅಕ್ಷರದಲ್ಲಿ, ‘ಏನೂ ಇಲ್ಲ. ಎಲ್ಲಾ ಛಲೋ ಅದ.’

‘ನಾಲ್ಕು ತಿಂಗಳಿಂದ ಸಾಫ್ಟ್‌ವೇರ್ ಮಾಡ್ತಿದ್ದೀರಿ. ಒಂದೇ ಒಂದು ತಪ್ಪೂ ಆಗಿಲ್ವಾ?’

‘ಇಲ್ರಿ ಮೇಡಂ,’ ಅಂದೆ, ಎದೆಯುಬ್ಬಿಸಿ. (ಆ ಎದೆ ಮರುದಿನ ಮಧ್ಯಾಹ್ನದ ತನಕ ಉಬ್ಬಿಕೊಂಡೇ ಇತ್ತು. ಆಮೇಲಿನದು ಹೇಳುತ್ತೇನೆ.)

ಈ ಅಂಕಣಕ್ಕೆ ಹೊಸಬರಾದವರಿಗೆ ಒಂದು ಮಾತು. ಕಲಬುರಗಿಯ ಸ್ಟೇಶನ್ ಬಜಾರದಲ್ಲಿ, ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನದೊಂದು ಸಾಫ್ಟ್‌ವೇರ್ ಕಂಪನಿ ಇದೆ. ಕಂಪನಿ ಅಂದರೆ ಕೋಡ್ ಬರೆಯುವ ವೀರೇಶ, ಅದನ್ನು ಟೆಸ್ಟ್ ಮಾಡುವ ಶಾಹಿದಾ, ಇಬ್ಬರಿಗೂ ಚಹಾ ತರಿಸುವ ನಾನು. ಕೆಳಗೆ ಯಾರಾದರೂ ಪಾತೇಲಿ ಬೀಳಿಸಿದರೆ ಮೇಲೆ ನಮ್ಮ ಮೀಟಿಂಗ್ ನಿಲ್ಲುತ್ತದೆ.

ನಮ್ಮ ಕೈಯಲ್ಲಿರುವ ದೊಡ್ಡ ಕೆಲಸ ಒಂದೇ. ಕಮಲಾಪುರದ ಕೆಂಪು ಬಾಳೆ ಬೆಳೆಗಾರರ ಸಂಘಕ್ಕೆ ಒಂದು ಆ್ಯಪ್. ಗಿಡದಲ್ಲಿ ಗೊನೆ ಬಿಟ್ಟ ದಿನವನ್ನು, ಮೊದಲೇ ಬಿಟ್ಟ ಗೊನೆಗಳದ್ದೂ ಸೇರಿಸಿ, ರೈತರು ಅದರಲ್ಲಿ ಹಾಕುತ್ತಾರೆ. ಆ್ಯಪ್ ದಿನ ಎಣಿಸುತ್ತದೆ. ಗೊನೆ ಬಲಿಯಿತು ಅನ್ನುವ ದಿನ ರೈತರಿಗೂ ಗಾಡಿಯವನಿಗೂ ಮೆಸೇಜ್ ಹೋಗುತ್ತದೆ. ಗಾಡಿ ಹೊಲಕ್ಕೆ ಬರುತ್ತದೆ. ಇಷ್ಟೇ. ಇದು ಕೈತಪ್ಪಿದರೆ ಮೂವರೂ ಕೆಳಗಿಳಿದು ಪಾತ್ರೆ ಮಾರುವುದೇ.

ನಾವು ಕೆಲಸ ಮಾಡುವುದು ಅಜೈಲ್ ಪದ್ಧತಿಯಲ್ಲಿ. ವರ್ಷಗಟ್ಟಲೆ ಕೂತು ದೊಡ್ಡದೇನನ್ನೋ ಕಟ್ಟುವ ಬದಲು ಎರಡು ವಾರದಲ್ಲಿ ಒಂದಿಷ್ಟು ಮಾಡು, ಗಿರಾಕಿಗೆ ತೋರಿಸು, ಅವರು ಹೇಳಿದ್ದು ತಿದ್ದು, ಮತ್ತೆ ತೋರಿಸು. ಒಳ್ಳೆಯ ಪದ್ಧತಿಯೇ. ಆದರೆ ಇದನ್ನು ಕಂಡುಹಿಡಿದವರು ಕಲಬುರಗಿಗೆ ಬಂದು ಹೋದವರಲ್ಲ.

ನೋಡಿ, ಅಜೈಲಿನಲ್ಲಿ ದಿನಾ ಬೆಳಗ್ಗೆ ಹತ್ತು ನಿಮಿಷ ನಿಂತುಕೊಂಡೇ ಮೀಟಿಂಗ್ ಮಾಡಬೇಕಂತೆ. ಅದಕ್ಕೆ ಸ್ಟ್ಯಾಂಡ್-ಅಪ್ ಅಂತ ಹೆಸರು. ಬಂದವರನ್ನು ನಿಲ್ಲಿಸಿ ಮಾತಾಡಿಸುವುದೇ? ನಮ್ಮೂರಲ್ಲಿ ಹಾಗೆ ಮಾಡಿದರೆ ಮೂರು ತಲೆಮಾರು ನೆನಪಿಡುತ್ತಾರೆ. ಹಾಗಾಗಿ ನಮ್ಮ ಸ್ಟ್ಯಾಂಡ್-ಅಪ್ ಕುರ್ಚಿಯ ಮೇಲೆ, ಒಗ್ಗರಣೆ ಮಂಡಕ್ಕಿಯ ಸುಸಲಾ ತಿನ್ನುತ್ತಾ, ಒಂದು ಗಂಟೆ ನಡೆಯುತ್ತದೆ.

ಎರಡು ವಾರಕ್ಕೊಮ್ಮೆ ಇನ್ನೊಂದು ಮೀಟಿಂಗ್. ಅಲ್ಲಿ ಎಲ್ಲರೂ ಎದುರುಬದುರು ಕೂತು ‘ಈ ಸಲ ಏನು ಕೆಟ್ಟಿತು’ ಅಂತ ಬಾಯಿಬಿಟ್ಟು ಹೇಳಬೇಕು. ಎದುರಿಗಿರುವವನ ಮುಖ ನೋಡಿ ‘ನಿನ್ನ ಕೆಲಸ ಸರಿಯಿಲ್ಲ’ ಅನ್ನುವುದೇ? ಅದೂ ಅವನ ತಟ್ಟೆಯ ಮಿರ್ಚಿ ಭಜಿಗೆ ಕೈ ಹಾಕಿಕೊಂಡು? ಹಾಗಾಗಿ ಆ ಎಂಟು ಪುಟ.

ಎಲ್ಲವೂ ಛಲೋ ಇರುವಾಗಲೇ ಕಮಲಾಪುರದ ಸಂಘದಿಂದ ಪತ್ರ ಬಂತು. ಸಾಫ್ಟ್‌ವೇರ್ ಮಾಡುವವರ ಹತ್ತಿರ ಯಾವುದಾದರೂ ಪ್ರೊಸೆಸ್ ಇಂಪ್ರೂವ್‌ಮೆಂಟ್ ಮಾಡೆಲ್‌ನ ಸರ್ಟಿಫಿಕೇಟ್ ಇರಬೇಕು, ಇಲ್ಲದಿದ್ದರೆ ಬರುವ ಮೀಟಿಂಗಿನಲ್ಲಿ ಬೇರೆಯವರಿಗೆ ಕೆಲಸ ಕೊಡುವ ವಿಚಾರ ಮಾಡಬೇಕಾದೀತು ಅಂತ. ಬಾಳೆ ಬೆಳೆಯುವವರಿಗೆ ಈ ಹೆಸರು ಎಲ್ಲಿ ಸಿಕ್ಕಿತು ಅಂತ ಆಶ್ಚರ್ಯಪಟ್ಟು ಇಂಟರ್‌ನೆಟ್ಟಿನಲ್ಲಿ ಓದಿದೆ. ಕೆಲಸದ ರೀತಿ ಎಷ್ಟು ಸುಧಾರಿಸಿದೆ ಅಂತ ಅಳೆಯಲು ಕಂಪನಿಗಳಿಗೆ ಒಂದರಿಂದ ಐದರವರೆಗೆ ಮೆಟ್ಟಿಲುಗಳಂತೆ. ಒಂದನೇ ಮೆಟ್ಟಿಲಿನವರು ಹೇಗಿರುತ್ತಾರೆ? ಕೆಲಸ ಹೇಗೋ ಆಗುತ್ತದೆ, ಹೇಗಾಯಿತು ಅಂತ ಮಾಡಿದವರಿಗೂ ಗೊತ್ತಿರುವುದಿಲ್ಲ. ಯಾರೋ ಕಿಟಕಿಯಿಂದ ನಮ್ಮನ್ನೇ ನೋಡಿ ಬರೆದಂತಿತ್ತು.

ಆ ಸರ್ಟಿಫಿಕೇಟಿಗಾಗಿ ನಾನು ಕರೆಸಿದ್ದು ವಸುಧಾ ಮೇಡಂ ಅವರನ್ನು. ಮೈಸೂರಿನವರು. ಕಂಪನಿಗಳ ಕೆಲಸದ ರೀತಿಯನ್ನು ತಪಾಸಣೆ ಮಾಡುವುದೇ ಅವರ ಕೆಲಸ. ಎಲ್ಲದಕ್ಕೂ ‘ಎವಿಡೆನ್ಸ್ ಎಲ್ಲಿ?’ ಅನ್ನುತ್ತಾರೆ. ಚಹಾ ಕುಡಿದೆ ಅಂದರೆ ಕಪ್ ತೋರಿಸಿ ಅನ್ನುವ ಪೈಕಿ.

ರಿಜಿಸ್ಟರ್ ಮುಚ್ಚಿಟ್ಟು, ‘ನಾಳೆ ಕಮಲಾಪುರಕ್ಕೆ ಹೋಗೋಣ. ಬಳಸೋರನ್ನೇ ಕೇಳೋಣ,’ ಅಂದರು. ಅದಕ್ಕೇನು, ನಡೀರಿ ಅಂದೆ. ಬಸ್ಸಿನಲ್ಲಿ ಕೂತ ಮೇಲೆ ಯಾವಾಗ ಹೊರಡುತ್ತದೆ ಅಂತ ಕಂಡಕ್ಟರನ್ನು ಕೇಳಿದರು. ‘ಈಗ ಹೊಂಟದ ನೋಡ್ರಿ,’ ಅಂದ. ಅರ್ಧ ಗಂಟೆಯಾದರೂ ಬಸ್ಸು ಅಲುಗಲಿಲ್ಲ. ಮೇಡಂ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಸಂಘದ ಅಧ್ಯಕ್ಷರು ಬಂಡೆಪ್ಪ ಕಾಕಾ. ಅರವತ್ತು ದಾಟಿದವರು, ತೋಟದ ಶೆಡ್ಡಿನಲ್ಲಿ ನಮಗಾಗಿ ಕುರ್ಚಿ ಒರೆಸಿಟ್ಟುಕೊಂಡು ಕಾಯುತ್ತಿದ್ದರು. ಚಹಾ ಬಂತು. ಕೆಂಪು ಬಾಳೆಹಣ್ಣು ಬಂತು. ನಾನು ಕೇಳಿಯೇಬಿಟ್ಟೆ.

‘ಕಾಕಾ, ನಮ್ಮ ಆ್ಯಪ್ ಹ್ಯಾಂಗದ ರೀ?’

‘ಏಕದಂ ಛಲೋ ಅದ ತಂಗಿ! ಒಂದೂ ತಪ್ಪಿಲ್ಲ, ಹೆಸರಿಡಂಗಿಲ್ಲ!’

ಎವಿಡೆನ್ಸ್ ಬೇಕಿತ್ತಲ್ಲ, ತಗೊಳ್ಳಿ ಅನ್ನುವಂತೆ ಮೇಡಂ ಕಡೆ ನೋಡಿದೆ. ಅವರು ನನ್ನ ಕಡೆ ನೋಡಲೂ ಇಲ್ಲ.

‘ಕಾಕಾ, ಆ್ಯಪ್ ಹೇಗಿದೆ ಅಂತ ನಾನು ಕೇಳಲ್ಲ. ಹೋದ ಸಲ ಮೆಸೇಜ್ ಬಂತಲ್ಲ, ಆ ದಿನ ಏನೇನಾಯ್ತು ಅಂತ ಒಂದೊಂದಾಗಿ ಹೇಳಿ.’

‘ಮುಂಜಾನೆ ಫೋನ್ ಟಣ್ ಅಂತು ರೀ. ಗೊನಿ ತಯಾರ ಅದ ಅಂತ ಬಂತು.’

‘ಆಮೇಲೆ?’

‘ಮೈಬೂಬ ಭಾಯ್ ಗಾಡಿ ತಗೊಂಡು ಬಂದ.’

‘ಆಮೇಲೆ?’

‘ಚಾ ಕುಡಿಸಿದ್ವಿ.’

‘ಆಮೇಲೆ?’

‘ಸುಸಲಾ ಕೊಟ್ವಿ. ಅವತ್ತ ಮಿರ್ಚಿ ಭಜಿನೂ ಇದ್ದವು ನೋಡ್ರಿ.’

‘ಆಮೇಲೆ ಗೊನೆ ಹೇರಿದ್ರಿ?’

ಕಾಕಾ ಶೆಡ್ಡಿನ ತಗಡು ನೋಡಿದರು. ನನ್ನನ್ನು ನೋಡಿದರು. ಕಪ್ಪಿನೊಳಗೆ ನೋಡಿದರು.

‘ಗೊನಿ ಇನ್ನಾ ಎಳೀ ಕಾಯಿ ಇದ್ದವಲ್ರಿ. ಹ್ಯಾಂಗ ಹೇರಬೇಕು? ಗಾಡಿ ವಾಪಸ್ ಹೋಯ್ತು.’

‘ಎಷ್ಟು ಸಲ ಹೀಗಾಗಿದೆ?’

‘ಹಂಗ ನೋಡಿದ್ರ... ಎಲ್ಲಾ ಸಲನೂ ರೀ. ಖರೇ ತಯಾರ ಆದಾಗ ನಾನೇ ಫೋನ್ ಮಾಡಿ ಮೈಬೂಬಗ ಕರೀತೀನಿ.’

ಅಷ್ಟರಲ್ಲಿ ಹೊರಗೆ ಹಾರ್ನ್ ಕೇಳಿಸಿತು. ಖಾಲಿ ಗಾಡಿಯಿಂದ ಮೈಬೂಬ ಭಾಯ್ ಇಳಿದು ಬಂದ. ಆ್ಯಪ್ ಅವನನ್ನು ಅವತ್ತೂ ಕರೆಸಿತ್ತು! ನಾನು ಆ್ಯಪ್ ಮಾಡಿದವಳು ಅಂತ ಗೊತ್ತಾದದ್ದೇ ಎರಡೂ ಕೈ ಜೋಡಿಸಿದ.

‘ಮೇಡಂ, ನಿಮ್ಮ ಆ್ಯಪ್ ಏಕ್ ನಂಬರ್ ಅದ ರೀ! ಹೊಲಕ್ಕೊಂದು ಚಾ, ಹೊಲಕ್ಕೊಂದು ನಾಷ್ಟಾ. ನಾಕು ತಿಂಗಳಾಗ ತೂಕದಾಗ ನಾಕು ಕಿಲೋ ಏರೀನಿ.’

ನಾಲ್ಕು ತಿಂಗಳಲ್ಲಿ ನಮ್ಮ ಸಾಫ್ಟ್‌ವೇರ್ ಹೊತ್ತು ತಂದ ಒಟ್ಟು ಸರಕು ಅದೇ.

ಆಗಿದ್ದಿಷ್ಟೇ. ಕೆಂಪು ಬಾಳೆಯ ಗೊನೆ ಬಲಿಯಲು ಹಳದಿ ಬಾಳೆಗಿಂತ ಹೆಚ್ಚು ದಿನ ಬೇಕು. ನಮ್ಮ ಆ್ಯಪ್ ಹಳದಿ ಬಾಳೆಯ ಲೆಕ್ಕ ಹಿಡಿದಿತ್ತು. ಇದು ಕಮಲಾಪುರದಲ್ಲಿ ಎಲ್ಲರಿಗೂ ಗೊತ್ತಿತ್ತು. ಎಂಟು ಸಲ ನಾನು ಬಂದು ಇದೇ ಶೆಡ್ಡಿನಲ್ಲಿ ಕೂತು ಆ್ಯಪ್ ತೋರಿಸಿದ್ದೆ. ಒಬ್ಬರಾದರೂ ಬಾಯಿಬಿಡಬಾರದೇ?

‘ಯಾಕ ಹೇಳಲಿಲ್ಲ ಕಾಕಾ?’ ಅಂದೆ. ದನಿ ನನಗೇ ಬೇರೆಯಾಗಿ ಕೇಳಿಸಿತು.

‘ಹ್ಯಾಂಗ ಹೇಳಬೇಕು ತಂಗಿ? ನಮ್ಮ ಕಡಿ ಹೆಣ್ಣಮಗಳು, ಬಿಸಲಾಗ ಬಸ್ಸಿನ್ಯಾಗ ಬರ್ತೀರಿ. ಮಾರಿ ಮ್ಯಾಲ ಹೆಸರಿಟ್ರ ಛಲೋ ಕಾಣಸ್ತದೇನು? ಅದಕ್ಕೇ ಸರ್ಟಿಫಿಕೇಟ್ ಕೇಳಿದ್ವಿ. ಅದು ನಿಮಗ ಸಿಗಂಗಿಲ್ಲ, ನೀವೇ ಬ್ಯಾಡ ಅಂತ ಬಿಡ್ತೀರಿ. ಯಾರ ಮನಸ್ಸಿಗೂ ಬ್ಯಾಸರ ಆಗಂಗಿಲ್ಲ ಅಂತ ಮಾಡಿದ್ವಿ.’

ನನ್ನ ಆಫೀಸಿಗೆ ಬೀಗ ಬೀಳುವುದರಲ್ಲಿತ್ತು, ಅದೂ ಎಷ್ಟು ಮರ್ಯಾದೆಯಿಂದ! ಅಳಬೇಕೋ ನಗಬೇಕೋ ತಿಳಿಯದೆ ಇನ್ನೊಂದು ಬಾಳೆಹಣ್ಣು ತಿಂದೆ.

ಮೇಡಂ ಮಾತ್ರ ಶಾಂತವಾಗಿ, ಇವರಿಗೆ ಎರಡು ವಾರ ಕೊಡಿ ಅಂದರು. ಕಾಕಾ ಯೋಚಿಸಿ, ‘ಮೀಟಿಂಗ್ ಹದಿನೈದು ದಿನಕ್ಕದ. ಅಷ್ಟರಾಗ ಗಾಡಿ ಒಮ್ಮೆರ ಖರೇ ದಿನಕ್ಕ ಬರ್ಲಿ, ನೋಡೋಣ,’ ಅಂದರು.

ಮರಳಿ ಬಂದು ವೀರೇಶನನ್ನು ಕೇಳಿದೆ. ತಲೆ ಕೆರೆದುಕೊಂಡ. ‘ಹಳದಿ ಬಾಳಿದು ಒಂದು ಹಳೇ ಪ್ರಾಜೆಕ್ಟ್ ಇತ್ತಲ್ರಿ, ಅದರ ಲೆಕ್ಕ ಹಂಗೇ ಹಾಕಿಬಿಟ್ಟಿದ್ದೆ ಅಕ್ಕಾ.’ ಇವನ ಸೋದರಮಾವನ ಮನೆ ಇರುವುದು ಕಮಲಾಪುರದಲ್ಲಿಯೇ! ಹುಟ್ಟಿದಾಗಿನಿಂದ ಕೆಂಪು ಬಾಳೆಹಣ್ಣು ತಿಂದವನು, ಅದು ಎಷ್ಟು ದಿನಕ್ಕೆ ಬಲಿಯುತ್ತದೆ ಅಂತ ಒಮ್ಮೆಯೂ ಕೇಳಿದವನಲ್ಲ.

ಶಾಹಿದಾ ಮೆಲ್ಲಗೆ ಅಂದಳು, ‘ನನಗ ಎರಡನೇ ವಾರದಾಗೇ ಗೊತ್ತಾಗಿತ್ತು ಅಕ್ಕಾ.’

‘ಮತ್ತ ಯಾಕ ಹೇಳಲಿಲ್ಲ?’

‘ವೀರೇಶ ಅಣ್ಣಾರ ತಂಗಿ ಲಗ್ನ ಇತ್ತಲ್ರಿ. ಖುಷಿಲೆ ಇದ್ರು. ಆಮ್ಯಾಲ ಹೇಳಬೇಕಂದ್ರ, ಅವರ ಮನಿ ಲಾಡು ತಿಂದುಬಿಟ್ಟಿದ್ದೆ.’

ಮೇಡಂ ಅವತ್ತು ಹೇಳಿದ್ದು ನನಗೆ ಈಗಲೂ ಸರಿ ಅನಿಸುತ್ತದೆ. ಅಜೈಲ್ ನಿಂತಿರುವುದು ಮಾತಿನ ಮೇಲೆ. ಜನ ಇದ್ದದ್ದು ಇದ್ದಹಾಗೆ ಮಾತಾಡುತ್ತಾರೆ ಅಂತ ಅದು ನಂಬಿಬಿಡುತ್ತದೆ. ಪ್ರೊಸೆಸ್ ಮಾಡೆಲ್ ಯಾರ ಮಾತನ್ನೂ ನಂಬುವುದಿಲ್ಲ, ಮಾತು ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕುತ್ತದೆ. ‘ಮನುಷ್ಯರನ್ನ ತಿದ್ದೋಕೆ ಹೋಗಬೇಡಿ, ಕೆಲಸದ ದಾರಿಯನ್ನ ತಿದ್ದಿ,’ ಅಂದರು.

ಮರುದಿನ ಬೆಳಗ್ಗೆ ತಿದ್ದಲು ಕೂತೆವು. ಪ್ರತಿಯೊಬ್ಬರೂ ಒಂದೊಂದು ತಪ್ಪು ಹೇಳಲೇಬೇಕು ಅಂತ ನಿಯಮ ಮಾಡಿದೆ. ಶಾಹಿದಾ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ಕೆಳಗೆ ಒಂದು ಪಾತೇಲಿ ಬಿತ್ತು. ಕೊನೆಗೆ ವೀರೇಶ ಧೈರ್ಯ ಮಾಡಿದ.

‘ಫ್ಯಾನ್ ಜರಾ ಸ್ಲೋ ಅದ ರೀ.’

ಆ ಸಂಜೆ ತಲೆಕೆಟ್ಟು ಮನೆಗೆ ಹೋದೆ. ನನ್ನ ಮನೆ ಶರಣಬಸವೇಶ್ವರ ದೇವಸ್ಥಾನದ ಹತ್ತಿರ. ಪಕ್ಕದ ಮನೆಯ ವೈನಿ ಗೇಟಿನಲ್ಲಿ ಹಿಡಿದರು. ‘ಯಾರೋ ಅನ್ಲಾಕತ್ತಿದ್ರು ರೀ, ನಿಮ್ಮ ಟಾಕಿ ನೀರು ತುಂಬಿ ರಸ್ತಾದ ಮ್ಯಾಲ ಹರಿತದಂತ.’ ಯಾರೋ ಯಾರು? ವೈನಿಯೇ! ಅವರಿಗೂ ಗೊತ್ತು, ನನಗೂ ಗೊತ್ತು. ಆದರೂ ಜಗಳವಿಲ್ಲ, ಬೇಸರವಿಲ್ಲ, ನಾನು ಓಡಿಹೋಗಿ ಮೋಟಾರ್ ಬಂದ್ ಮಾಡಿದೆ.

ಮೋಟಾರ್ ಜೊತೆಗೆ ನನ್ನ ತಲೆಯೂ ಟಕ್ ಅಂದಿತು.

ಮರುದಿನ ಆಫೀಸಿನಲ್ಲಿ ಹೊಸ ರಿಜಿಸ್ಟರ್ ಬಂತು. ಅದರ ಹೆಸರೇ ‘ಯಾರೋ ಅಂದ್ರು’. ಯಾರು ಬೇಕಾದರೂ ಬರೆಯಬಹುದು, ಸಹಿ ಬೇಕಿಲ್ಲ, ಎಲ್ಲ ಸಾಲೂ ಆ ಎರಡು ಪದಗಳಿಂದಲೇ ಶುರುವಾಗಬೇಕು. ಮಧ್ಯಾಹ್ನದೊಳಗೆ ಮೂರು ಪುಟ ತುಂಬಿತು! ‘ಯಾರೋ ಅಂದ್ರು, ಟೆಸ್ಟಿಂಗಿಗೆ ಕೋಡ್ ಕಡೀ ದಿನ ಸಂಜೀಕ ಬರ್ತದಂತ.’ ‘ಯಾರೋ ಅಂದ್ರು, ಟೆಸ್ಟ್ ಮಾಡೋರು ತಪ್ಪು ಕಂಡ್ರೂ ಬಾಯಿ ಮುಚ್ಚಿಕೊಂಡು ಲಾಡು ತಿಂತಾರಂತ.’ ‘ಯಾರೋ ಅಂದ್ರು, ಮೀಟಿಂಗಿನ್ಯಾಗ ಅಕ್ಕಾರು ಒಬ್ಬರೇ ಮಾತಾಡ್ತಾರಂತ.’ (ಇರುವುದೇ ಮೂವರು. ಈ ‘ಯಾರೋ’ ಯಾರು ಅಂತ ಹುಡುಕಲು ಪೊಲೀಸರು ಬೇಕೇ? ಹುಡುಕಲಿಲ್ಲ.) ಮೇಡಂ ಓದಿ ಓದಿ ನಕ್ಕು, ತಮ್ಮ ರಿಪೋರ್ಟಿನಲ್ಲಿ ಇದಕ್ಕೊಂದು ಮಾರುದ್ದದ ಇಂಗ್ಲಿಷ್ ಹೆಸರು ಕೊಟ್ಟರು.

ಎರಡನೇ ನಿಯಮ ಮೇಡಂ ಅವರದೇ. ಗಿರಾಕಿಯನ್ನು ‘ಹ್ಯಾಂಗದ’ ಅಂತ ಕೇಳಕೂಡದು. ಏನಾಯ್ತು, ಆಮೇಲೇನಾಯ್ತು, ಇಷ್ಟೇ ಕೇಳಬೇಕು. ಹಾಗೆಯೇ ನಾಲ್ಕು ಜನ ಬೆಳೆಗಾರರನ್ನು ಬೇರೆಬೇರೆಯಾಗಿ ಕೂರಿಸಿ ಕೇಳಿದೆವು, ಬರೆದುಕೊಂಡೆವು, ಓದಿ ತೋರಿಸಿದೆವು. ವೀರೇಶ ಲೆಕ್ಕ ತಿದ್ದಿದ. ಶಾಹಿದಾ ಹೊಲಕ್ಕೇ ಹೋಗಿ ಗೊನೆ ನೋಡಿ ಬಂದಳು.

ಮೀಟಿಂಗಿಗೆ ಎರಡು ದಿನ ಇರುವಾಗ ಆ್ಯಪ್ ಮೈಬೂಬ ಭಾಯ್‌ಗೆ ಮೆಸೇಜ್ ಕಳಿಸಿತು. ನಾವು ಮೂವರೂ ಫೋನ್ ಸುತ್ತ ಕೂತೆವು. ಯಾರೂ ಸುಸಲಾ ಮುಟ್ಟಲಿಲ್ಲ. ಹನ್ನೊಂದಕ್ಕೆ ಅವನದೇ ಫೋನ್ ಬಂತು. ದನಿಯಲ್ಲಿ ದುಃಖ ತುಂಬಿತ್ತು. ‘ಏನ್ರಿ ಮೇಡಂ ಇದು? ಗಾಡಿ ಫುಲ್ ಆಗ್ಯಾದ. ಹೇರೂದ್ರಾಗ ಚಾ ಕುಡಿಲಾಕೂ ಟೈಮ್ ಸಿಗಲಿಲ್ಲ.’

ಆದರೆ ಸಂಘದವರು ಏನು ತೀರ್ಮಾನಿಸುತ್ತಾರೋ? ಮೀಟಿಂಗ್ ದಿನವಿಡೀ ಸುದ್ದಿಯಿಲ್ಲ. ನಮ್ಮ ಕಡೆಯ ಜನ ಬೇಡ ಅನ್ನುವುದನ್ನು ಬಾಯಿಬಿಟ್ಟು ಹೇಳುವವರಲ್ಲ ಅಂತ ಈಗ ಚೆನ್ನಾಗಿ ಗೊತ್ತಿತ್ತಲ್ಲ, ಅದಕ್ಕೇ ಜೀವ ಹೊಡೆದುಕೊಳ್ಳುತ್ತಿತ್ತು.

ಮರುದಿನ ಬಂಡೆಪ್ಪ ಕಾಕಾ ಖುದ್ದಾಗಿ ಮಹಡಿ ಹತ್ತಿ ಬಂದರು. ಕೂತರು. ಚಹಾ ತರಿಸಿದೆ. ಮುಟ್ಟಲಿಲ್ಲ. ಮುಗಿಯಿತು ಅಂದುಕೊಂಡೆ. ಜೇಬಿನಿಂದ ಫೋನ್ ತೆಗೆದು ಟೇಬಲ್ ಮೇಲೆ ಟಪ್ಪನೆ ಇಟ್ಟರು.

‘ತಂಗಿ, ನೀ ಏನರ ಅನ್ಕೋ, ನಾ ಹೇಳಾಂವನೇ. ಅಕ್ಷರ ಏನಿವು? ಇರುವಿ ಕಾಲಿನಷ್ಟು! ಯಾರಿಗ ಕಾಣಸ್ತಾವ? ತಲಿ ಅದೇನು ನಿಮಗ? ಮುಂದಿನ ವರ್ಷ ಇಡೀ ತಾಲೂಕಿನ ಮಂದಿ ಇದನ್ನೇ ನೋಡಬೇಕಾಗ್ಯಾದ. ಹಿಂಗ ಮಾಡಿದ್ರ ಹ್ಯಾಂಗ?’

ಇಡೀ ತಾಲೂಕು! ಅಂದರೆ ನಮ್ಮ ಕೆಲಸ ಉಳಿದಿತ್ತು, ಬೆಳೆದೂ ಇತ್ತು. ಶಾಹಿದಾಳ ಕಣ್ಣಲ್ಲಿ ನೀರು. ವೀರೇಶ ಬಾಯಿ ಸಿಹಿಗೆಂದು ಮಾಲಪುರಿ ತರಲು ಎರಡೆರಡು ಮೆಟ್ಟಿಲು ಹಾರಿಕೊಂಡು ಓಡಿದ. ಕಾಕಾ ಇನ್ನೂ ಬೈಯುತ್ತಲೇ ಇದ್ದರು, ಬಟನ್ನಿನ ಬಣ್ಣ ಸರಿಯಿಲ್ಲವಂತೆ, ಮೆಸೇಜಿನ ಟಣ್ ಕೇಳಿಸುವುದಿಲ್ಲವಂತೆ. ನಾನು ಒಂದೊಂದನ್ನೂ ಬರೆದುಕೊಂಡೆ. ಇಷ್ಟು ಸುಖದಿಂದ ನಾನು ಯಾವತ್ತೂ ಬೈಸಿಕೊಂಡಿರಲಿಲ್ಲ.

ಅಂದಹಾಗೆ, ನಿಮ್ಮ ಗಿರಾಕಿ ನಿಮ್ಮನ್ನು ಮುಖದ ಮೇಲೆ ಬೈದು ಎಷ್ಟು ದಿನವಾಯಿತು?